ಗ್ರೇಟ್ ಡೇನ್ ಹೊಟ್ಟೆ: ಹೊಲಿಗೆಯೋ, ಊಟದ ಶಿಸ್ತೋ?

ಗ್ರೇಟ್ ಡೇನ್ ಎಂಬ ದೈತ್ಯ ತಳಿಯ ನಾಯಿಮರಿ ತಂದಿದ್ದೀರಿ. ಜಠರ ತಿರುಚಿಕೊಳ್ಳದಂತೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಊಟದ ಶಿಸ್ತು ಸಾಕೇ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಶಿಸ್ತೇ ಅಗ್ಗ. ದಿನದ ಆಹಾರವನ್ನು ಎರಡು ಮೂರು ಬಾರಿ ಹಂಚಿ ಕೊಡುವುದು, ಗಬಗಬನೆ ನುಂಗುವ ನಾಯಿಗೆ ಒಳಗೆ ಉಬ್ಬುತಗ್ಗಿರುವ ಬಟ್ಟಲು, ಉಂಡ ಕೂಡಲೇ ಓಟ ಬೇಡ. ಬಟ್ಟಲನ್ನು ಎತ್ತರದಲ್ಲಿಟ್ಟರೆ ಒಳ್ಳೆಯದೆಂಬ ಮಾತಿದೆ. 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಂಡದ್ದು ತದ್ವಿರುದ್ಧ, ಅಪಾಯ ಹೆಚ್ಚಿತ್ತು. ತೊಡಕೆಂದರೆ ಶಿಸ್ತನ್ನು ಮನೆಮಂದಿಯೆಲ್ಲ ಪಾಲಿಸಬೇಕು. ಅಜ್ಜಿ ಗುಟ್ಟಾಗಿ ಹಾಕುವ ಅನ್ನವೂ ಲೆಕ್ಕಕ್ಕೆ ಬರುತ್ತದೆ!

ನೀವು ಕೇಳಿದ ಶಸ್ತ್ರಚಿಕಿತ್ಸೆಯ ಹೆಸರು ಗ್ಯಾಸ್ಟ್ರೋಪೆಕ್ಸಿ. ಅದರಲ್ಲಿ ಜಠರವನ್ನು ಹೊಟ್ಟೆಯ ಬಲಗೋಡೆಗೆ ಹೊಲಿಯುತ್ತಾರೆ. ಗಾಳಿ ತುಂಬಿ ಉಬ್ಬುವುದನ್ನು ಅದು ತಡೆಯದು. ಪ್ರಾಣ ತೆಗೆಯುವ ತಿರುಚನ್ನು ಬಹುಮಟ್ಟಿಗೆ ತಡೆಯುತ್ತದೆ. ಹೆಣ್ಣುನಾಯಿಗೆ ಸಂತಾನಹರಣ ಚಿಕಿತ್ಸೆಯ ಜೊತೆಗೇ ಮಾಡಿಸಿದರೆ ಅರಿವಳಿಕೆ ಒಂದೇ ಸಲ.

ಮರಿಯ ತಂದೆತಾಯಿಗೋ ಒಡಹುಟ್ಟಿಗೋ ಈ ತೊಂದರೆ ಬಂದಿದ್ದರೆ, ರಾತ್ರಿ ತೆರೆದಿರುವ ಪಶುಚಿಕಿತ್ಸಾಲಯ ದೂರವಿದ್ದರೆ, ನನ್ನ ಒಲವು ಹೊಲಿಗೆಯ ಕಡೆಗೆ. ಅರಿವಳಿಕೆ ತಾಳದ ನಾಯಿಗೆ ಶಿಸ್ತೇ ದಾರಿ. ಯಾವುದನ್ನೇ ಆರಿಸಿ, ಏನೂ ಹೊರಬಾರದ ಓಕರಿಕೆ, ಸುರಿಯುವ ಜೊಲ್ಲು, ತಮಟೆಯಂತೆ ಬಿಗಿದ ಹೊಟ್ಟೆ ಕಂಡರೆ ಬೆಳಗಾಗಲೆಂದು ಕಾಯಬೇಡಿ.