ಅಜ್ಜಿಗೆ ತಂದ ರೇಡಿಯೋ: ಎರಡು ಮಳೆಗಾಲ ಬಳಸಿದ ಮೇಲೆ

ಮಡಿಕೇರಿ ಪೇಟೆಯಲ್ಲಿ 1,350 ರೂಪಾಯಿ ಕೊಟ್ಟು ತಂದ ರೇಡಿಯೋ ಇದು. ಎಫ್‌ಎಂ, ಎಎಂ ಎರಡೂ ಬರುತ್ತದೆ. ಕರೆಂಟಿಗೂ ಹಾಕಬಹುದು, ದೊಡ್ಡ ಸೆಲ್ ಎರಡು ಹಾಕಿದರೂ ಓಡುತ್ತದೆ. ಸ್ಟೇಷನ್ ಹುಡುಕಲು ತಿರುಗಿಸುವ ಗುಂಡಿ ಇದೆ. ಬಟನ್ ಒತ್ತುವ ಸೆಟ್ಟೂ ಅಂಗಡಿಯಲ್ಲಿ ಇತ್ತು, ಬೇಕಂತಲೇ ಬಿಟ್ಟೆ. ಬಳಸುವವರು ನನ್ನ ಅಜ್ಜಿ, ಅವರಿಗೆ 78 ವರ್ಷ.

ಯಾಕೆ ತಂದೆ ಅನ್ನೋದನ್ನು ಹೇಳದಿದ್ದರೆ ಈ ವಿಮರ್ಶೆಗೆ ಅರ್ಥವಿಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡ ಜರಿದದ್ದು ಎಲ್ಲರಿಗೂ ಗೊತ್ತು. ಆಗ ನಮ್ಮ ಮನೆ ಹಿಂದಿನ ಮಣ್ಣಿನ ಬರೆಯೂ ಕುಸಿಯಿತು, ಅಡುಗೆಮನೆ ಹೋಯಿತು. ಅಜ್ಜಿ ಪರಿಹಾರ ಕೇಂದ್ರದಲ್ಲಿ 18 ದಿನ ಇದ್ದರು. ಆಮೇಲೆ ಮನೆ ರಿಪೇರಿ ಆಯಿತು, ತೋಟ ಉಳಿಯಿತು, ಅಜ್ಜಿಯೂ ಸುಧಾರಿಸಿದರು ಅಂತ ನಾವೆಲ್ಲ ಅಂದುಕೊಂಡಿದ್ದೆವು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿಯಿತು. ನಮಗೆ ಅದು ಪಕ್ಕದ ಜಿಲ್ಲೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಟಿವಿಯಲ್ಲಿ ಅದೇ ಕೆಸರು, ಅದೇ ಮುರಿದ ಗೋಡೆ, ಹಿಂದೆ ಎದೆ ನಡುಗಿಸುವ ಸಂಗೀತ. ಸಾಲದು ಅಂತ ಮಡಿಕೇರಿಯಲ್ಲಿ 2018ರಲ್ಲಿ ಮನೆಯೊಂದು ಜಾರಿಕೊಂಡು ಹೋದ ಹಳೇ ವಿಡಿಯೋ ಮತ್ತೆ ವಾಟ್ಸಾಪಿಗೆ ಬಂತು. ಅಜ್ಜಿ ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೇ ರಾತ್ರಿ ಎದ್ದು ನೋಡಿದರೆ ಜಗಲಿಯಲ್ಲಿ ಕೂತಿದ್ದಾರೆ, ಮಡಿಲಲ್ಲಿ ಕೈಚೀಲ, ಅದರೊಳಗೆ ಆಧಾರ್ ಕಾರ್ಡು, ಪಾಸ್‌ಬುಕ್ಕು, ಒಂದು ಡಬ್ಬ ಅವಲಕ್ಕಿ. "ಮಲಗಜ್ಜಿ" ಅಂದೆ. "ಶಬ್ದ ಕೇಳ್ತಾ ಉಂಟು ಮಗ" ಅಂದರು. ಹೊರಗೆ ಮಳೆ ನಿಂತು ಗಂಟೆಯ ಮೇಲಾಗಿತ್ತು.

ಇದು ವಯಸ್ಸಿನ ಭ್ರಮೆ ಅಂತ ನಾನು ಒಪ್ಪುವುದಿಲ್ಲ. 2013ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದ ಮೇಲೆ ಅಮೆರಿಕದ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದ್ದರು. ಮೊದಲ ವಾರ ದಿನಕ್ಕೆ 6 ಗಂಟೆ ಅಥವಾ ಜಾಸ್ತಿ ಅದೇ ಸುದ್ದಿ ನೋಡಿದವರು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡ ಹೇಳಿಕೊಂಡರು. ಮೊದಲೇ ಹೆದರಿದವರು ಇನ್ನೂ ಜಾಸ್ತಿ ನೋಡುತ್ತಾರೆ, ನೋಡಿದಷ್ಟೂ ಹೆದರಿಕೆ ಬೆಳೆಯುತ್ತದೆ, ಅದೊಂದು ಸುಳಿ. ಇನ್ನು ನಿಜವಾಗಿಯೂ ಒಂದು ಸಲ ಓಡಿ ಬಂದವರ ಗತಿ ಏನು ಹೇಳಿ.

ಆ ವಾರವೇ ರೇಡಿಯೋ ತಂದೆ. ಗುಂಡಿಯನ್ನು 103.1ಕ್ಕೆ, ಅಂದರೆ ನಮ್ಮ ಮಡಿಕೇರಿ ಆಕಾಶವಾಣಿಗೆ ತಿರುಗಿಸಿ, ಅಜ್ಜಿಗೆ ಗುರುತು ಸಿಗಲಿ ಅಂತ ಅಲ್ಲಿ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ ಗುಣ ಒಂದೇ, ಸುದ್ದಿ ಮುಗಿಯುತ್ತದೆ. ಮಳೆ, ರಸ್ತೆ, ನದಿ ಎಲ್ಲ ಹೇಳುತ್ತಾರೆ, ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಹಾಡು, ಕೃಷಿ ಮಾತು, ಕೊಡವ ಕಾರ್ಯಕ್ರಮ. ಕೆಸರು ಕಣ್ಣಿಗೆ ಬೀಳುವುದಿಲ್ಲ. ಈಗ ಮಳೆ ಬಂದರೆ ಅಜ್ಜಿ ಸುದ್ದಿ ಕೇಳಿ, "ನಮ್ಮ ತೋಟದಲ್ಲಿ ಮೂರು ಇಂಚು ಬಿದ್ದಿರಬೇಕು" ಅಂತ ಲೆಕ್ಕ ಹಾಕುತ್ತಾರೆ, ಮಲಗುತ್ತಾರೆ.

ಇನ್ನೊಂದನ್ನು ನಾನು ನಿರೀಕ್ಷಿಸಿರಲಿಲ್ಲ. ಟಿವಿ ಮುಂದೆ ಎಲ್ಲರೂ ಬಾಯಿ ಮುಚ್ಚಿ ಕೂರುತ್ತಿದ್ದೆವು, ರೇಡಿಯೋ ಹತ್ತಿರ ಮಾತು ನಡೆಯುತ್ತದೆ. 2018ರ ಕಥೆಯನ್ನು ಅಜ್ಜಿ ಯಾವಾಗಲೂ "ಗುಡ್ಡ ಬಂತು" ಅನ್ನುವಲ್ಲೇ ನಿಲ್ಲಿಸುತ್ತಿದ್ದರು. ಒಂದು ಸಂಜೆ ಬೀನ್ಸ್ ನಾರು ತೆಗೆಯುತ್ತಾ ಹೇಳುವಾಗ ಪಕ್ಕದ ಮನೆ ಮಗು, "ಮತ್ತೆ ಹಸು?" ಅಂತ ಕೇಳಿತು. ಅಜ್ಜಿಯ ಕೈ ನಿಂತಿತು. ಕತ್ತಲಲ್ಲಿ ಹಗ್ಗದ ಗಂಟು ಬಿಚ್ಚಲಾಗದೆ ಕತ್ತಿಯಲ್ಲಿ ಕೊಯ್ದದ್ದು, ಎರಡೂ ಹಸು ಮೇಲಿನ ರಸ್ತೆ ಹತ್ತಿ ತಮಗಿಂತ ಮೊದಲೇ ನಿಂತಿದ್ದದ್ದು, ಎಲ್ಲ ಹೇಳಿದರು. ಆರು ವರ್ಷದಲ್ಲಿ ನಾವ್ಯಾರೂ ಕೇಳಿರದ ಮಾತು. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ಪ್ರತಿ ಸಲ ಹೇಳುವಾಗ ಮನಸ್ಸು ಅದನ್ನು ಮತ್ತೆ ಕಟ್ಟುತ್ತದೆ ಅಂತ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ದರು. ಈಗ ಅಜ್ಜಿಯ ಕಥೆ ಹಗ್ಗ ಕೊಯ್ಯುವಲ್ಲಿಂದ ಶುರುವಾಗುತ್ತದೆ.

ಕುಂದು ಇಲ್ಲ ಅಂತಲ್ಲ. ಗುಂಡಿ ತುಂಬಾ ಸಡಿಲ, ಒರೆಸುವಾಗ ಕೈ ತಾಗಿದರೂ ಸ್ಟೇಷನ್ ತಪ್ಪುತ್ತದೆ. ನಾಲ್ಕನೇ ತಿಂಗಳಿಗೆ ಆಂಟೆನಾ ಬುಡದಲ್ಲೇ ಮುರಿಯಿತು, ವಾರಂಟಿ ಇದ್ದರೂ ಕಂಪನಿಯವರು ಫೋನೇ ಎತ್ತಲಿಲ್ಲ, 120 ರೂಪಾಯಿ ಕೊಟ್ಟು ಹೊರಗೆ ಹಾಕಿಸಿದೆ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಯ ಥಂಡಿಗೆ ಸೆಲ್ ಹಾಕುವ ಜಾಗದ ಸ್ಪ್ರಿಂಗ್ ಹಸಿರುಗಟ್ಟುತ್ತದೆ, ತಿಂಗಳಿಗೊಮ್ಮೆ ಒರೆಸಬೇಕು. ದಿನಕ್ಕೆ ಮೂರು ಗಂಟೆ ಕೇಳಿದರೆ ಸೆಲ್ ಮೂರು ವಾರ ಬರುತ್ತದೆ. ವಾರಗಟ್ಟಲೆ ಕರೆಂಟ್ ಇಲ್ಲದ ಮನೆಗೆ ಇದು ದೊಡ್ಡ ವಿಷಯ ಅಲ್ವಾ.

ಇದನ್ನು ಔಷಧಿ ಅಂತ ಯಾರೂ ತಗೊಳ್ಳಬೇಡಿ. ಅಜ್ಜಿಗೆ ನಿದ್ದೆಯೇ ಬಾರದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿದೆವು. ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಿದರು. ಅದೂ ಕೈಯಲ್ಲಿರಲಿ.

ತರುವವರು ಸೆಲ್ ಹಾಕುವಂಥದ್ದನ್ನೇ ತನ್ನಿ, ಬರೀ ಚಾರ್ಜ್ ಮಾಡುವುದು ನಮ್ಮ ಊರಿಗೆ ಆಗುವುದಿಲ್ಲ. ನಮ್ಮ ಒಳಕೋಣೆಯಲ್ಲಿ ಸ್ಟೇಷನ್ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ತೋಟದ ಕಡೆ ಕಿಟಕಿಯಲ್ಲಿ ಇಟ್ಟಿದ್ದೇವೆ, ಅಜ್ಜಿಯ ಕುರ್ಚಿಯೂ ಈಗ ಅಲ್ಲೇ.