ಶನಿವಾರವಿಲ್ಲದ ಬೋರ್ಡ್: ಫ್ರಿಜ್ಜಿಗೆ ಅಂಟಿಸುವ ವಾರದ ಊಟದ ಪಟ್ಟಿ, ಹದಿನಾಲ್ಕು ತಿಂಗಳ ಬಳಕೆಯ ನಂತರ

ವಾರದ ಅಡುಗೆ ಬರೆದಿಡಲೆಂದು ಫ್ರಿಜ್ ಬಾಗಿಲಿಗೆ ಅಯಸ್ಕಾಂತದಿಂದ ಅಂಟುವ ಬಿಳಿ ಬೋರ್ಡೊಂದನ್ನು 449 ರೂಪಾಯಿ ಕೊಟ್ಟು ತರಿಸಿ ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ಈಗ ಆರೇ ದಿನಗಳಿವೆ. ಶನಿವಾರವನ್ನು ಅಳಿಸಿದವನು ನಾನೇ. ಬೇಕೆಂದು ಅಳಿಸಿದ್ದಲ್ಲ, ಆದರೆ ಆ ಪ್ರಸಂಗವನ್ನು ಬಿಟ್ಟು ಈ ವಸ್ತುವಿನ ಬಗ್ಗೆ ನನಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಉದ್ದ ಅಗಲಗಳೆಲ್ಲ ಮಾರಾಟದ ಪುಟದಲ್ಲಿವೆ, ನೋಡಿಕೊಳ್ಳಿ.

ನಮ್ಮದು ಕೋಲಾರ. ಪೇಟೆಯಲ್ಲಿ ಪೈಪು, ನಲ್ಲಿ, ಪೇಂಟು ಮಾರುವ ಚಿಕ್ಕ ಹಾರ್ಡ್‌ವೇರ್ ಅಂಗಡಿ ನನ್ನದು. ಹೆಂಡತಿ ನರ್ಸ್. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಬೆಳಗಿನ ಅಡುಗೆ ಅಮ್ಮನದು, ರಾತ್ರಿಯದು ಬಹುಪಾಲು ನನ್ನದು. ಇಬ್ಬರು ಮಕ್ಕಳು. ಸಂಜೆ ಏಳಾಯಿತೆಂದರೆ ಅಂಗಡಿಗೆ ಮನೆಯಿಂದ ಫೋನು ಬರುತ್ತಿತ್ತು: "ರಾತ್ರಿಗೆ ಏನು ಸಾರು?" ಎದುರಿಗೆ ಮುಕ್ಕಾಲು ಇಂಚಿನ ಎಲ್ಬೋ ಕೇಳುತ್ತಿರುವ ಗಿರಾಕಿ, ಕಿವಿಯಲ್ಲಿ ಸಾರಿನ ಪ್ರಶ್ನೆ. ನಾನು ಪ್ರತಿದಿನ "ಏನಾದರೂ ಮಾಡೋಣ" ಎನ್ನುತ್ತಿದ್ದೆ. ಆ ಏನಾದರೂ ಎಂಬುದು ಕೊನೆಗೆ ಟೊಮೆಟೊ ಸಾರೇ ಆಗುತ್ತಿತ್ತು. ಫ್ರಿಜ್ಜಿನ ತಳದ ಡಬ್ಬದಲ್ಲಿ ಮಂಗಳವಾರ ತಂದ ಸೊಪ್ಪು ಶುಕ್ರವಾರದ ಹೊತ್ತಿಗೆ ಕೊಳೆತು ನೀರು ಬಿಟ್ಟಿರುತ್ತಿತ್ತು.

ಬೋರ್ಡ್ ಬಂದ ದಿನ ಅಮ್ಮ ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಏನಪ್ಪಾ ಇದು, ಅಡುಗೆ ಮನೆಯೋ, ಶಾಲೆಯೋ?" ಎಂದಳು. ಅಮ್ಮ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದರ ಮೇಲೆ ಅಚ್ಚಾಗಿದ್ದದ್ದೆಲ್ಲ ಇಂಗ್ಲಿಷು. ವಾರ ಶುರುವಾಗುವುದು ಭಾನುವಾರದಿಂದ. ದಿನಕ್ಕೆ ಬರೆಯಲು ನಾಲ್ಕು ಚೌಕದ ಮನೆಗಳು, ಅವುಗಳಲ್ಲಿ ಒಂದು ಸಂಜೆಯ ತಿಂಡಿಗೆ. ಸಂಜೆಗೆ ನಮ್ಮ ಮನೆಯಲ್ಲಿ ಕಾಫಿಯ ಹೊರತು ಏನೂ ಇಲ್ಲ, ಆದ್ದರಿಂದ ಆ ಸಾಲಿಗೆ ಹೆಂಡತಿಯ ಪಾಳಿಯನ್ನು ಹಾಕಿದೆವು. ಕೆಂಪು ಅಯಸ್ಕಾಂತವಿದ್ದರೆ ರಾತ್ರಿ ಪಾಳಿ, ಅಂದರೆ ಏಳು ಗಂಟೆಗೆ ಮುಂಚೆ ಡಬ್ಬಿ ಸಿದ್ಧವಿರಬೇಕು.

ಅಂಗಡಿಗೆ ವಾರದ ರಜೆ ಮಂಗಳವಾರ. ನನ್ನ ವಾರ ಶುರುವಾಗುವುದು ಅಂದೇ, ಭಾನುವಾರವಲ್ಲ. ಬೆಳಿಗ್ಗೆ ಎರಡು ಗೋಣಿದಾರದ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ ಬಂದು, ತಂದದ್ದನ್ನೆಲ್ಲ ಹಳೆಯ ದಿನಪತ್ರಿಕೆಯ ಮೇಲೆ ಹರಡುತ್ತೇನೆ. ಅಮ್ಮ ಸೊಪ್ಪಿನ ಕಟ್ಟು ಬಿಚ್ಚಿ ಬೇರು ಕತ್ತರಿಸುತ್ತಾಳೆ. ನಾನು ಕಾಫಿ ಲೋಟ ಫ್ರಿಜ್ಜಿನ ಮೇಲಿಟ್ಟು ಬೋರ್ಡ್ ಒರೆಸುತ್ತೇನೆ. ಬರೆಯುವಾಗ ನನಗೆ ಇರುವುದು ಒಂದೇ ಲೆಕ್ಕ, ಯಾವುದು ಮೊದಲು ಕೆಡುತ್ತದೆ ಎಂಬುದು. ಮಂಗಳವಾರ ರಾತ್ರಿಗೆ ಮಸ್ಸೊಪ್ಪು. ಬುಧವಾರ ಉಳಿದ ದಂಟಿನ ಸೊಪ್ಪಿಗೆ ಅಲಸಂದೆ ಕಾಳು ಸೇರಿಸಿ ಬಸ್ಸಾರು. ಗುರುವಾರ ಹೀರೇಕಾಯಿಯೋ ಬೀನ್ಸೋ. ಶುಕ್ರವಾರ ಬದನೆಕಾಯಿ, ಆಲೂಗಡ್ಡೆ ಹುಳಿ. ಭಾನುವಾರ ಕೋಳಿ ಸಾರು. ಸೋಮವಾರದ ಹೊತ್ತಿಗೆ ತರಕಾರಿ ಡಬ್ಬ ಬರಿದಾಗಿರುತ್ತದೆ, ಅಂದು ಮಾಂಸವನ್ನೂ ನಾವು ಮಾಡುವುದಿಲ್ಲ. ಹಾಗಾಗಿ ಮೊಳಕೆ ಹುರುಳಿಕಾಳಿನ ಸಾರು.

ಇದರಿಂದ ನಿಜವಾಗಿ ಆದ ಉಪಕಾರ ಕಾಳು ನೆನೆಹಾಕುವುದರಲ್ಲಿ. ಸೋಮವಾರ ಮೊಳಕೆ ಬೇಕಾದರೆ ಶನಿವಾರ ರಾತ್ರಿಯೇ ಹುರುಳಿ ನೀರಿಗೆ ಬೀಳಬೇಕು, ಭಾನುವಾರ ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಬೇಕು. ಮೊದಲೆಲ್ಲ ಇದು ನೆನಪಾಗುತ್ತಿದ್ದದ್ದು ಸೋಮವಾರ ಸಂಜೆ, ಗಟ್ಟಿ ಕಾಳನ್ನು ಕುಕ್ಕರಿಗೆ ಹಾಕಿ ಎಂಟು ಕೂಗು ಕೂಗಿಸುವಾಗ. ಈಗ ನೆನೆಹಾಕಬೇಕಾದ ದಿನದ ಮನೆಯ ಮೂಲೆಯಲ್ಲಿ 'ನೆ' ಎಂದು ಒಂದಕ್ಷರ ಬರೆದಿರುತ್ತದೆ. ನೀರು ಕುಡಿಯಲು ಫ್ರಿಜ್ ತೆಗೆದವರು ಅದನ್ನು ನೋಡಿದರೆ ಕಾಳು ನೆನೆಹಾಕಬೇಕು. ಮಗನಿಗೂ ಇದು ಅಭ್ಯಾಸವಾಗಿದೆ. ಅಳತೆ ಮಾತ್ರ ಅವನಿಗಿನ್ನೂ ಬಂದಿಲ್ಲ. ಒಮ್ಮೆ ಒಂದು ಕೆಜಿ ಹುರುಳಿ ನೆನೆಹಾಕಿದ್ದ, ಆ ವಾರ ಅಕ್ಕಪಕ್ಕದ ಮೂರು ಮನೆಯಲ್ಲೂ ಹುರುಳಿ ಸಾರೇ.

ಬಸ್ಸಾರಿನ ವಿಷಯಕ್ಕೂ ಬರುತ್ತೇನೆ, ಯಾಕೆಂದರೆ ಈ ಬೋರ್ಡನ್ನು ರೂಪಿಸಿದವರಿಗೆ ಬಸ್ಸಾರು ಗೊತ್ತಿಲ್ಲ ಎಂಬುದು ಖಚಿತ. ಸೊಪ್ಪು, ಕಾಳು ಬೇಯಿಸಿ ಬಸಿದರೆ ಕಟ್ಟು ಒಂದು ಕಡೆ, ಸೊಪ್ಪು ಒಂದು ಕಡೆ. ಒಂದು ಹಿಡಿ ಬೆಂದ ಕಾಳನ್ನು ಖಾರದೊಂದಿಗೆ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದರೆ ಮುದ್ದೆಗೆ ಸಾರು, ಉಳಿದದ್ದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಮರುದಿನ ಬೆಳಿಗ್ಗೆ ಅದೇ ಪಲ್ಯ ಮಕ್ಕಳ ಡಬ್ಬಿಗೆ ಚಪಾತಿಯ ಜೊತೆ ಹೋಗುತ್ತದೆ, ಮಧ್ಯಾಹ್ನ ಅಮ್ಮ ಉಳಿದ ಸಾರನ್ನು ಬತ್ತಿಸಿಕೊಂಡು ಅನ್ನಕ್ಕೆ ಕಲಸಿಕೊಳ್ಳುತ್ತಾಳೆ. ಒಂದು ಅಡುಗೆ ಬೋರ್ಡಿನ ಮೂರು ಮನೆಗಳನ್ನು ತುಂಬುತ್ತದೆ. ಅಷ್ಟನ್ನೂ ಬರೆಯಲು ಜಾಗವಿಲ್ಲದೆ ನಾನು ಬಾಣದ ಗುರುತು ಎಳೆಯುತ್ತೇನೆ.

ಇಷ್ಟು ಹೊಗಳಿದ ಮೇಲೆ ಜಗಳಕ್ಕೆ ಬರಬೇಕು. ವಾರಕ್ಕೊಮ್ಮೆ ಬರೆಯಿರಿ ಎಂದು ಮಾರುವ ಈ ಬೋರ್ಡಿನ ಮೇಲೆ ವಾರವಿಡೀ ಇದ್ದ ಬರಹ ಅಳಿಸುವುದಿಲ್ಲ! ಅದೇ ದಿನ ಒರೆಸಿದರೆ ಕನ್ನಡಿಯಂತೆ ಹೋಗುತ್ತದೆ, ಏಳು ದಿನ ಬಿಟ್ಟರೆ ಮಸಿ ಒಣಗಿ ಕೂತುಬಿಡುತ್ತದೆ. ನಮ್ಮ ಫ್ರಿಜ್ ಒಲೆಯ ಪಕ್ಕದಲ್ಲೇ ಇರುವುದರಿಂದ ಒಗ್ಗರಣೆಯ ಜಿಡ್ಡೂ ಸೇರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಪ್ರತಿ ಮನೆಯಲ್ಲೂ ಹಳೆಯ ಸಾರಿನ ನೆರಳು. ಅರ್ಧ ಅಳಿಸಿದ ಹೀರೇಕಾಯಿಯ ಮೇಲೆ ಬದನೆಕಾಯಿ ಬರೆದಿದ್ದನ್ನು ಮಗಳು "ಬದೀರೇಕಾಯಿ" ಎಂದು ಓದಿ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದಳು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದಳು. ಕಲೆ ಹೋಯಿತು, ಆಮೇಲೆ ಹದಿನೈದು ದಿನ ಅದರ ಮೇಲೆ ಪೆನ್ನೇ ಹಿಡಿಯಲಿಲ್ಲ.

ನಾನು ಪೇಂಟು ಮಾರುವವನು. ಕಲೆ ತೆಗೆಯುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬದಲ್ಲಿ ಅಂಗಡಿಯಿಂದ ಅರ್ಧ ಲೀಟರ್ ಥಿನ್ನರ್ ತಂದೆ. ಬಟ್ಟೆಗೆ ಅದ್ದಿ ಶನಿವಾರದ ಮೂಲೆಯಿಂದ ಉಜ್ಜಲು ಶುರುಮಾಡಿದೆ. ಹಳೆಯ ಸಾರು ಹೋಯಿತು. ಅದರ ಹಿಂದೆಯೇ ದಿನದ ಹೆಸರು, ಅದರ ಕೆಳಗಿನ ಗೆರೆಗಳು, ಬಲಗಡೆಯ ಅಂಚು ಎಲ್ಲವೂ ಬೂದು ಬಣ್ಣದ ಪಟ್ಟೆಯಾಗಿ ಬಟ್ಟೆಗೆ ಬಂದವು. ಗಿರಾಕಿಗಳಿಗೆ ನಾನೇ ದಿನಕ್ಕೆ ಹತ್ತು ಸಲ "ಮೊದಲು ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ" ಎನ್ನುತ್ತೇನೆ. ಮೂಲೆಯಲ್ಲೇ ಹಚ್ಚಿದ್ದೆ, ಆ ಮೂಲೆ ಶನಿವಾರವಾಗಿತ್ತು.

ಹೆಂಡತಿ ಬಂದು ನೋಡಿ, "ರೀ, ವಾರದಲ್ಲಿ ಒಂದು ದಿನವೇ ಹೋಯಿತಲ್ಲ" ಎಂದಳು. ಸ್ಕೆಚ್ ಪೆನ್ನಿನಿಂದ ಗೆರೆ ಎಳೆದುಬಿಡೋಣ ಎಂದುಕೊಂಡೆ, ಆ ವಾರ ಕೈಗೂಡಲಿಲ್ಲ, ಮುಂದಿನ ವಾರವೂ ಆಗಲಿಲ್ಲ. ಅಷ್ಟರಲ್ಲಿ ಆ ಬಿಳಿ ಜಾಗ ತಾನೇ ಕೆಲಸಕ್ಕೆ ಸೇರಿಕೊಂಡಿತ್ತು.

ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ರೈತರು, ಹನಿ ನೀರಾವರಿಯ ಪೈಪು ಒಯ್ಯುವವರು. ಕೋಲಾರದಲ್ಲಿ ಬೆಲೆ ಬಿದ್ದಾಗ ತರಕಾರಿಯನ್ನು ಮಾರುವುದಕ್ಕಿಂತ ಹಂಚುವುದೇ ಸುಲಭ. "ಅಣ್ಣಾ, ಇದು ಮನೆಗಿರಲಿ" ಎಂದು ನವಿಲುಕೋಸೋ ಹೂಕೋಸೋ ಒಂದು ಚೀಲ ಕೌಂಟರ್ ಮೇಲಿಟ್ಟು ಹೋಗುತ್ತಾರೆ. ಬೇಡ ಎನ್ನುವಂತಿಲ್ಲ. ಮೊದಲು ಹೀಗೆ ಬಂದ ಚೀಲ ನನ್ನ ಇಡೀ ಪಟ್ಟಿಯನ್ನು ಕೆಡಿಸುತ್ತಿತ್ತು, ಆ ಸಿಟ್ಟಿಗೆ ಎರಡು ಸಲ ಬೋರ್ಡನ್ನು ಕಿತ್ತು ಫ್ರಿಜ್ಜಿನ ಹಿಂದೆ ತಳ್ಳಿದ್ದೆ. ಈಗ ಚೀಲ ಬಂದರೆ ಅದರ ಹೆಸರು ಬಿಳಿ ಜಾಗಕ್ಕೆ ಹೋಗುತ್ತದೆ. ವಾರದ ಮಧ್ಯೆ ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಿ ಶುಕ್ರವಾರದ ಬದನೆಕಾಯಿ ಉಳಿದರೆ ಅದೂ ಅಲ್ಲಿಗೇ. ಶನಿವಾರ ಅಮ್ಮನಿಗೆ ಒಪ್ಪತ್ತು, ರಾತ್ರಿ ಅವಳಿಗೆ ಉಪ್ಪಿಟ್ಟು ಸಾಕು. ಉಳಿದ ನಾವು ನಾಲ್ವರಿಗೆ ಬಿಳಿ ಜಾಗದಲ್ಲಿ ಬರೆದಿದ್ದೆಲ್ಲ ಸೇರಿದ ಒಂದು ಹುಳಿ. ಏನೂ ಬರೆದಿರದ ಶನಿವಾರ ಮಕ್ಕಳು ಉಪ್ಪಿಟ್ಟಿನ ವಾಸನೆ ಹಿಡಿದ ಕೂಡಲೇ ದೋಸೆಗೆ ಹಟ ಹಿಡಿಯುತ್ತಾರೆ, ನಾನೂ ಬೇಡ ಎನ್ನುವುದಿಲ್ಲ.

ಅವರೆಕಾಯಿ ಕಾಲದಲ್ಲಿ ಮಾತ್ರ ಬೋರ್ಡಿಗೆ ಪೂರ್ತಿ ರಜೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ದಾಟುವವರೆಗೂ ಸೊಗಡಿನ ಕಾಯಿ ಚೀಲಗಟ್ಟಲೆ ಮನೆಗೆ ಬರುವಾಗ ಇಂದು ಏನು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅವರೆಕಾಳು ಸಾರು, ಅವರೆಕಾಳು ಉಪ್ಪಿಟ್ಟು, ರಾತ್ರಿ ಟಿವಿ ಮುಂದೆ ಕುಳಿತು ನೆನೆದ ಕಾಳನ್ನು ಹಿದುಕಿ ಮರುದಿನಕ್ಕೆ ಬೇಳೆ ಸಾರು. ಕಳೆದ ಜನವರಿಯಲ್ಲಿ ಬೋರ್ಡಿನ ಮೇಲೆ ಅಡ್ಡಲಾಗಿ 'ಅವರೆ' ಎಂದು ದೊಡ್ಡದಾಗಿ ಬರೆದು ಬಿಟ್ಟಿದ್ದೆವು. ಒಂದೂವರೆ ತಿಂಗಳು ಕೂತ ಆ ಮಸಿ ಇಂದಿಗೂ ಪೂರ್ತಿ ಹೋಗಿಲ್ಲ, ಆಷಾಢದಲ್ಲೂ ನಮ್ಮ ಮನೆಯಲ್ಲಿ ಬಾಳೆಕಾಯಿಯ ಹಿಂದೆ ಅವರೆ ಕಾಣುತ್ತಿತ್ತು.

ದುಡ್ಡಿನ ಮಾತು. ತಿಂಗಳಿಗೆ ಸಾವಿರಗಟ್ಟಲೆ ಉಳಿಯುತ್ತದೆ ಎಂದು ಹೇಳುವವರನ್ನು ನಂಬಬೇಡಿ. ರಾಗಿ, ಅಕ್ಕಿ, ಬೇಳೆ, ಎಣ್ಣೆಯ ಖರ್ಚು ಬೋರ್ಡ್ ನೋಡಿ ಇಳಿಯುವುದಿಲ್ಲ. ನಮಗೆ ಉಳಿದದ್ದು ಕೊಳೆತು ಎಸೆಯುತ್ತಿದ್ದ ಸೊಪ್ಪು, ತರಕಾರಿಯ ದುಡ್ಡು, ವಾರಕ್ಕೆ ನೂರು ರೂಪಾಯಿಯ ಆಸುಪಾಸು. ಮೂಲೆಯಂಗಡಿಗೆ ಕೊತ್ತಂಬರಿಗೆಂದು ಹೋಗಿ ಬಿಸ್ಕತ್ತು, ಚಿಪ್ಸ್ ಹೊತ್ತು ಬರುವ ಮಗನ ಓಡಾಟವೂ ಕಡಿಮೆಯಾಯಿತು. ಬೆಲೆ ಏರಿದಾಗ ಏನು ಮಾಡುವುದು ಎಂಬುದಕ್ಕೆ ಬೋರ್ಡ್ ಬೇಕಿಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲೇ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಅಮ್ಮ ಸದ್ದಿಲ್ಲದೆ ಹುಣಸೆಹಣ್ಣಿಗೆ ಇಳಿದಿದ್ದಳು, ನನಗೆ ತಿಳಿದದ್ದು ತಿಂಗಳ ಕೊನೆಗೆ.

ಕೊಳ್ಳುವವರಿಗೆ ಎರಡು ಮಾತು. ಗಾಜಿನ ಬಾಗಿಲಿನ ಹೊಸ ಫ್ರಿಜ್ಜಿಗೆ ಇದು ಅಂಟುವುದಿಲ್ಲ. ನನ್ನ ತಂಗಿ ತರಿಸಿ ಹಾಗೇ ಹಿಂದಿರುಗಿಸಿದಳು. ನಮ್ಮದು ಹಳೆಯ ತಗಡಿನ ಬಾಗಿಲು, ಅಲುಗಾಡದೆ ಕೂತಿದೆ. ಎರಡನೆಯದು ಕಲೆಯದು. ಒಣಗಿದ ಬರಹದ ಮೇಲೆ ಅದೇ ಪೆನ್ನಿನಿಂದ ಮತ್ತೊಮ್ಮೆ ಗೀಚಿ, ಹಸಿ ಇರುವಾಗಲೇ ಒರೆಸಿ. ಹೊಸ ಮಸಿಯ ದ್ರವ ಹಳೆಯದನ್ನು ಸಡಿಲಿಸಿ ಜೊತೆಗೆ ಎಬ್ಬಿಸಿಕೊಂಡು ಬರುತ್ತದೆ. ಜಿಡ್ಡಿದ್ದರೆ ಕೊರೊನಾ ಕಾಲದಲ್ಲಿ ಕೊಂಡು ಉಳಿದ ಸ್ಯಾನಿಟೈಸರ್ ನಾಲ್ಕು ಹನಿ ಸಾಕು. ಇದನ್ನು ನನಗೆ ಹೇಳಿಕೊಟ್ಟದ್ದು ಮಗಳು, ಅವಳಿಗೆ ತರಗತಿಯ ಟೀಚರು. ಅರ್ಧ ಲೀಟರ್ ಥಿನ್ನರ್ ಇನ್ನೂ ಅಟ್ಟದ ಮೇಲಿದೆ.

ಕಳೆದ ತಿಂಗಳು ಇದೇ ಬೋರ್ಡ್ 399ಕ್ಕೆ ಇಳಿದಿತ್ತು. ಹೊಸದೊಂದು ತರಿಸಲೇ ಎಂದು ಕೇಳಿದೆ. ಒಲೆಯ ಮುಂದಿದ್ದ ಅಮ್ಮ ತಿರುಗಿಯೂ ನೋಡದೆ, "ಅದರಲ್ಲಿ ಶನಿವಾರ ಇರುತ್ತದಲ್ಲ, ಬೇಡ" ಎಂದಳು.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಜೊತೆಗೆ ಬರುವ ಎರಡು ಪೆನ್ನುಗಳು ಮೂರನೆಯ ವಾರಕ್ಕೇ ಒಣಗಿದವು, ಆ ಒಂದು ನಕ್ಷತ್ರ ಅವುಗಳ ಲೆಕ್ಕಕ್ಕೆ. ಪುಸ್ತಕದಂಗಡಿಯಲ್ಲಿ ಸಿಗುವ ಮೂವತ್ತು ರೂಪಾಯಿಯ ಕಪ್ಪು ಮಾರ್ಕರ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.