ಮೂರು ಹಳೆ ಕ್ಷೌರದ ಕತ್ತಿ: ಮೊದಲು ಬೆನ್ನು ನೋಡಿ

ನನ್ನ ಹತ್ತಿರ ಈಗ ಮೂರು ಹಳೆ ಕ್ಷೌರದ ಕತ್ತಿಗಳಿವೆ. ಗಡ್ಡ ತೆಗೆಯಲು ಕೈ ಹೋಗುವುದು ಮಾತ್ರ ಮುನ್ನೂರು ರೂಪಾಯಿಯದ್ದಕ್ಕೆ. ಉಳಿದೆರಡಕ್ಕೆ ಅದರ ಹನ್ನೆರಡು ಪಟ್ಟಿಗಿಂತ ಜಾಸ್ತಿ ದುಡ್ಡು ಸುರಿದಿದ್ದೇನೆ.

ಒಂದು, ಕತ್ತಿಗಳಿಗೆ ಹೆಸರಾದ ಸೊಲಿಂಗೆನ್ ಊರಿನ ಮುದ್ರೆಯ ಜರ್ಮನ್ ಕತ್ತಿ. ಆನ್‌ಲೈನಿನಲ್ಲಿ 2,800 ರೂಪಾಯಿ ಕೊಟ್ಟೆ. ಇನ್ನೊಂದು ಇಂಗ್ಲೆಂಡಿನ ಶೆಫೀಲ್ಡಿನದು. ಮಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ 900ಕ್ಕೆ ಸಿಕ್ಕಿತು. ಮೂರನೆಯದು ನಮ್ಮ ಬದಿಯಡ್ಕ ಕಡೆಯ ಒಬ್ಬ ಹಿರಿಯ ಕ್ಷೌರಿಕರದು. ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಬಂದ ಮೇಲೆ ಅವರು ಇದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು.

ಕ್ಷೌರದ ಕತ್ತಿ ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಬಾಯಿಯ ಕೋನ ಎಷ್ಟು ಅನ್ನುವುದನ್ನು ಬೆನ್ನೇ ನಿರ್ಧರಿಸುತ್ತದೆ. ಹಾಗಾಗಿ ಮಸೆದಷ್ಟೂ ಬೆನ್ನಿನ ಎರಡೂ ಬದಿಯಲ್ಲಿ ಹೊಳೆಯುವ ಒಂದು ಚಪ್ಪಟೆ ಪಟ್ಟೆ ಬೀಳುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಆ ಪಟ್ಟೆಯನ್ನೇ.

ಜರ್ಮನ್ ಕತ್ತಿಯಲ್ಲಿ ನಾನು ಮೋಸಹೋದೆ. ಹಾಗಂತ ಸುಮ್ನೆ ಕಣ್ಣುಮುಚ್ಚಿ ಕೊಂಡದ್ದಲ್ಲ. ಬೆನ್ನಿನ ದಪ್ಪವನ್ನು ಮೂರು ಕಡೆ ಅಳೆದು ಕಳಿಸಿ ಎಂದು ಕೇಳಿದ್ದೆ. ಬುಡದಲ್ಲಿ 4.1 ಮಿಲಿಮೀಟರ್, ನಡುವಿನಲ್ಲಿ 4.1, ತುದಿಯಲ್ಲಿ 4.0 ಎಂದು ಉತ್ತರ ಬಂತು. ಇದಕ್ಕಿಂತ ಸಮ ಇನ್ನೇನು ಬೇಕು? ಒಂದು ಬದಿಯ ಫೋಟೋ ಇತ್ತು. ಪಟ್ಟೆ ನಡುವಿನಲ್ಲಿ ಸ್ವಲ್ಪ ಅಗಲ ಕಂಡಿತು. ಬೆಳಕಿನ ಆಟ ಇರಬೇಕು ಅಂದುಕೊಂಡೆ.

ಮನೆಗೆ ಬಂದ ಮೇಲೆ ಜಗಲಿಯ ಬೆಳಕಿನಲ್ಲಿ ಕತ್ತಿ ಮಗುಚಿ ನೋಡಿದೆ. ಇನ್ನೊಂದು ಬದಿಯಲ್ಲಿ ಪಟ್ಟೆ ತದ್ವಿರುದ್ಧ! ಬುಡದಲ್ಲೂ ತುದಿಯಲ್ಲೂ ಅಗಲ, ನಡುವಿನಲ್ಲಿ ನೂಲಿನಷ್ಟು ಸಪೂರ. ಅಂದರೆ ಕತ್ತಿಯೇ ಉದ್ದಕ್ಕೆ ಬಾಗಿದೆ. ಉಬ್ಬಿದ ಬದಿಯ ನಡು ಮಾತ್ರ ಕಲ್ಲಿಗೆ ತಾಗಿ ಸವೆದಿದೆ. ಮಗುಚಿದರೆ ಎರಡು ತುದಿ ಮಾತ್ರ ತಾಗಿವೆ. ಒಂದು ಬದಿ ಉಕ್ಕು ಕಳೆದುಕೊಳ್ಳದ ಜಾಗದಲ್ಲಿ ಇನ್ನೊಂದು ಬದಿ ಕಳೆದುಕೊಂಡಿದೆ. ಅದಕ್ಕೇ ದಪ್ಪ ಅಳೆಯುವ ಕ್ಯಾಲಿಪರಿನಲ್ಲಿ ಎಲ್ಲ ಕಡೆ ದಪ್ಪ ಒಂದೇ! ಅಳತೆ ಕೊಟ್ಟವರು ಸುಳ್ಳು ಹೇಳಿರಲಿಲ್ಲ. ನಾನು ಎರಡೂ ಬದಿಯ ಫೋಟೋ ಕೇಳಬೇಕಿತ್ತು.

ಖಾತ್ರಿ ಮಾಡಿಕೊಳ್ಳಲು ಬಾಯಿಯ ಉದ್ದಕ್ಕೂ ಮಾರ್ಕರ್ ಬಳಿದು, ಸಾಣೆಕಲ್ಲಿನ ಮೇಲೆ ಒಂದೇ ಸಲ ಎಳೆದೆ. ಒಂದು ಬದಿಯಲ್ಲಿ ನಡುವಿನ ಶಾಯಿ ಮಾತ್ರ ಹೋಯಿತು. ಇನ್ನೊಂದು ಬದಿಯಲ್ಲಿ ನಡುವಿನ ಶಾಯಿ ಮಾತ್ರ ಉಳಿಯಿತು.

ಇಂಥ ಕತ್ತಿಯನ್ನು ಸಪೂರ ಕಲ್ಲಿನ ಮೇಲೆ, ಓರೆಯಾಗಿ ಎಳೆಯುತ್ತಾ ಮಸೆಯಬಹುದು. ಆಗ ಒಂದು ಹೊತ್ತಿಗೆ ಸ್ವಲ್ಪ ಭಾಗ ಮಾತ್ರ ಕಲ್ಲಿಗೆ ತಾಗುತ್ತದೆ. ನನ್ನ ಹತ್ತಿರ ಇರುವುದು ಮೂರು ಇಂಚಿನ ಅಗಲದ ಒಂದೇ ಕಲ್ಲು. ಇನ್ನೊಂದು ಕೊಳ್ಳುವ ಮನಸ್ಸಿಲ್ಲ. ಸೊಲಿಂಗೆನ್ ಹೆಸರಿಗೆ 1938ರಿಂದ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಇದೆ, ಆ ಮುದ್ರೆಯನ್ನು ನಂಬಿದೆ. ಕತ್ತಿ ಎಲ್ಲಿಯದು ಅಂತ ಮುದ್ರೆ ಹೇಳುತ್ತದೆ. ಈಗ ಬಾಗಿದೆಯೋ ಇಲ್ಲವೋ ಅಂತ ಅದು ಹೇಗೆ ಹೇಳೀತು, ಅಲ್ವಾ?

ಶೆಫೀಲ್ಡಿನ ಕತ್ತಿಯದು ಬೇರೆ ಕಾಯಿಲೆ. ಬಾಯಿಯನ್ನು ಕಿಟಕಿಯ ಗಾಜಿಗೆ ಇಟ್ಟರೆ ನಡುವಿನಲ್ಲಿ ಬೆಳಕು ತೂರಿ ಬರುತ್ತದೆ. ನಡು ಜಾಸ್ತಿ ಸವೆದು ಒಳಗೆ ಹೋಗಿದೆ. ಸರಿಮಾಡಲು ಬುಡವನ್ನೂ ತುದಿಯನ್ನೂ ಅಷ್ಟೇ ಸವೆಸಬೇಕು. ಆಗುವ ಕೆಲಸವೇ, ಆದರೆ ಒಂದು ಮಿಲಿಮೀಟರ್ ಉಕ್ಕು ಹೋಗುತ್ತದೆ.

ಮೂರನೆಯದು ನೋಡಲು ಏನೂ ಚಂದ ಇಲ್ಲ. ಮೈಯೆಲ್ಲ ಕಪ್ಪು, ಮುದ್ರೆ ಅಳಿಸಿಹೋಗಿದೆ, ಹಿಡಿಯಲ್ಲಿ ಬಿರುಕು. ತುಂಬಾ ಸವೆದಿದೆ ಎಂದು ನಾನು ಹಿಂದೆಮುಂದೆ ನೋಡಿದಾಗ ಆ ಕ್ಷೌರಿಕರು, "ಬೆನ್ನು ನೋಡಿ ಮಾಷ್ಟ್ರೇ, ಬಾಯಿ ಆಮೇಲೆ ನೋಡುವ" ಅಂದರು. ಪಟ್ಟೆ ಎರಡೂ ಬದಿಯಲ್ಲಿ ಬುಡದಿಂದ ತುದಿಯವರೆಗೆ ಅಡಿಕೋಲು ಇಟ್ಟು ಗೆರೆ ಎಳೆದ ಹಾಗಿತ್ತು. ಬೆನ್ನಿನಿಂದ ಬಾಯಿಯವರೆಗಿನ ಅಗಲ 12.6 ಮಿಲಿಮೀಟರಿಗೆ ಇಳಿದಿದೆ ನಿಜ. ಬೆನ್ನಿನ ದಪ್ಪವೂ 3.8ಕ್ಕೆ ಇಳಿದಿದೆ. ಎರಡೂ ಒಟ್ಟಿಗೆ ಸವೆದದ್ದರಿಂದ ಬಾಯಿಯ ಕೋನ ಸುಮಾರು 17 ಡಿಗ್ರಿಯಲ್ಲೇ ಇದೆ. ಗಡ್ಡಕ್ಕೆ ಅದು ಹೇಳಿ ಮಾಡಿಸಿದ ಕೋನ. ಮಾರ್ಕರ್ ಬಳಿದು ಎಳೆದರೆ ಶಾಯಿ ಒಂದೇ ಎಳೆತಕ್ಕೆ ಇಡೀ ಹೋಯಿತು. ನಮ್ಮ ಕಡೆಯ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತದೆ, ಪ್ರತಿ ಸಲ ಒರೆಸಿ ಎಣ್ಣೆ ಸವರುತ್ತೇನೆ. ಮೂರಕ್ಕೂ ಆ ಕೆಲಸ ಒಂದೇ.

ವಾರಕ್ಕೆ ಎರಡು ಸಲ ಗಡ್ಡ ತೆಗೆಯುವ, ಒಂದೇ ಕಲ್ಲು ಇರುವ ನನ್ನಂಥವರಿಗೆ ಈ ಮೂರನೆಯದೇ ಸಾಕು. ಸಪೂರ ಕಲ್ಲೂ ತಾಳ್ಮೆಯೂ ಇರುವವರು ಬೇಕಾದರೆ ಜರ್ಮನ್ ಕತ್ತಿ ತಗೊಳ್ಳಿ, ಉಕ್ಕು ಒಳ್ಳೆಯದೇ. ಆದರೆ ದುಡ್ಡು ಕಳಿಸುವ ಮೊದಲು ಮೂರು ಫೋಟೋ ಕೇಳಿ: ಬೆನ್ನಿನ ಈ ಬದಿ, ಆ ಬದಿ, ಮತ್ತೆ ಬಾಯಿಯನ್ನು ಗಾಜಿಗಿಟ್ಟು ಹಿಂದಿನಿಂದ ಟಾರ್ಚ್ ಬಿಟ್ಟದ್ದು.